ಹಲಾಲ್ ಅಪ್ಪೆಮಿಡಿ

ಎಲ್ಲೋ ದೂರದ ಊರಿನ ಕೋಳಿಗಳಿಗೆ ಜ್ವರ ಬಂತು. ಕೆಲಸಕ್ಕೆ ಕುತ್ತು ಬಂದದ್ದು ಶಿರಸಿಯ ಅಬ್ದುಲ್ ರಜಾಕನಿಗೆ. ಹಕ್ಕಿಜ್ವರದ ಸುದ್ದಿ ಟೀವಿಯಲ್ಲಿ ಬಂದದ್ದೇ ತಡ, ಪೇಟೆಯಲ್ಲಿ ಕೋಳಿಯ ಹೆಸರೆತ್ತುವವರಿಲ್ಲದಾಯಿತು. ರಜಾಕ ಹರೆಯದಿಂದಲೂ ಕೋಳಿ ಕೊಯ್ಯುತ್ತಿದ್ದ ಅಂಗಡಿಯ ಧಣಿ ಶಾಕಿರ್ ಸಾಹೇಬರು ಕೆಲವು ದಿನ ಗಲ್ಲಕ್ಕೆ ಕೈ ಕೊಟ್ಟು ಕುಳಿತರು. ಆಮೇಲೆ ಪೇಂಟರನ್ನು ಕರೆಸಿ ಬೋರ್ಡಿನ ‘ಚಿಕನ್’ ಅಳಿಸಿ ‘ಅಪ್ಪೆಮಿಡಿ’ ಬರೆಸಿದರು. ಉಳಿದದ್ದಕ್ಕೆ ಬಣ್ಣ ಯಾಕೆ ದಂಡ ಎಂದು ಹಾಗೇ ಬಿಟ್ಟರು. ಹೀಗೆ ‘ಶಾಕಿರ್ ಹಲಾಲ್ ಅಪ್ಪೆಮಿಡಿ ಸೆಂಟರ್’ ಹುಟ್ಟಿತು.

“ಮಾವಿನಮಿಡಿಗೆ ಎಂಥ ಹಲಾಲು ಸಾಹೇಬ್ರೆ?” ಎಂದ ಎದುರಿನ ಚಾದಂಗಡಿಯ ಮಂಜಪ್ಪ.

“ಆ ಬೋರ್ಡಿನ ಹೆಸರು ಕೇಳಿಯೇ ದುಬೈ ವ್ಯಾಪಾರಿ ಇವತ್ತು ಸಂಜೆ ಬರ್ತಿದ್ದಾರೆ. ನೀ ಚಾ ಕಾಸು,” ಎಂದ ಸಾಹೇಬರು ರಜಾಕನತ್ತ ತಿರುಗಿದರು. “ರಜಾಕ್ ಭಾಯ್, ಸಂಜೆಯೊಳಗೆ ಈ ಬುಟ್ಟಿಯ ಮಿಡಿ ಆರಿಸಿ ಭರಣಿ ತುಂಬಿಸ್ಬೇಕು. ಒಂದು ತೊಟ್ಟೂ ಮುರೀಬಾರ್ದು. ಆಗ್ಲಿಲ್ಲ ಅಂದ್ರೆ ನಾಳೆಯಿಂದ ನಿಮಗೆ ಕೊಡೋಕೆ ಕೆಲಸ ಎಲ್ಲಿಂದ ತರ್ಲಿ ಹೇಳಿ.”

ತೊಟ್ಟು ಮುರಿದರೆ ಸೊನೆ ಸೋರುತ್ತದೆ. ಸೊನೆ ಹೋದರೆ ಪರಿಮಳವೂ ಹೋಯಿತು. ಇದನ್ನೆಲ್ಲ ಹೇಳಿಕೊಡಲೆಂದೇ ಉಪ್ಪಿನಕಾಯಿಯಲ್ಲಿ ಕೈ ಪಳಗಿದ ರಾಜೀವಕ್ಕ ಹುಲೇಕಲ್ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು. ಕೂರುವ ಮಣೆಯನ್ನೂ ಮನೆಯಿಂದಲೇ ತಂದು, ಸುತ್ತ ನೀರು ಚಿಮುಕಿಸಿ ಕುಳಿತಿದ್ದಳು.

ರಜಾಕ ದೇವರಿಗೆ ಹೆದರಿ ನಡೆಯುವವನು. ಆತನ ಹೆಸರಿಲ್ಲದೆ ಒಂದು ಜೀವವನ್ನೂ ಮುಟ್ಟಿದವನಲ್ಲ. ಮೊದಲ ಮಿಡಿ ಎತ್ತಿಕೊಂಡು, “ಬಿಸ್ಮಿಲ್ಲಾಹಿ ಅಲ್ಲಾಹು ಅಕ್ಬರ್,” ಎಂದ. ಟಕ್ ಎಂದು ತೊಟ್ಟು ಮುರಿಯಿತು. ಎರಡನೆಯದಕ್ಕೂ ಅದೇ ಗತಿ. ಇಷ್ಟು ವರ್ಷ ಹೆಸರೂ ಕೊಯ್ತವೂ ಜೋಡೆತ್ತಿನ ಹಾಗೆ ಒಟ್ಟಿಗೇ ನಡೆದಿದ್ದವು. ಒಂದನ್ನು ಕರೆದರೆ ಇನ್ನೊಂದೂ ಎದ್ದು ಬರುತ್ತಿತ್ತು.

“ಎಂತ ಮಾಡ್ತಾ ಇದ್ಯೋ ರಜಾಕ,” ಎಂದಳು ರಾಜೀವಕ್ಕ. “ಇದು ಕೋಳಿ ಅಲ್ದೋ, ಓಡಿ ಹೋಗ್ತಿಲ್ಲೆ. ದೇವರ ಹೆಸರು ಹೇಳು, ಆನು ಬ್ಯಾಡ ಹೇಳ್ತ್ನಿಲ್ಲೆ. ಆದ್ರೆ ಕೈ ಸುಮ್ನೆ ಇಟ್ಗ.”

“ಈ ಕೈ ನನ್ನ ಮಾತು ಕೇಳಲ್ಲ ಅಕ್ಕ. ಆ ಹೆಸರೊಂದೇ ಕೇಳ್ತದೆ.”

“ಹಾಂಗಾರೆ ಬಾಯಿ ಮುಚ್ಚಿ ಮಾಡು.”

ಬಾಯಿ ಮುಚ್ಚಿದ. ಕೈ ಕರೆಂಟು ಹೋದ ಫ್ಯಾನಿನಂತೆ ಬುಟ್ಟಿಯ ಮೇಲೆ ನಿಂತೇಬಿಟ್ಟಿತು.

ಚಾ ತಂದ ಮಂಜಪ್ಪ ಜತೆಗೆ ಉಪದೇಶವನ್ನೂ ತಂದಿದ್ದ. “ಎಡಗೈಲಿ ಮಾಡ್ರಿ.”

“ತಿನ್ನೋ ವಸ್ತು ಎಡಗೈಲಿ?” ಎಂದು ರಜಾಕನೂ ರಾಜೀವಕ್ಕನೂ ಒಂದೇ ಉಸಿರಿನಲ್ಲಿ ಕೇಳಿದರು.

“ಹಂಗಾದ್ರೆ ಅರ್ಧ ಹೆಸರು ಹೇಳ್ರಿ.”

ರಜಾಕ ಬಾಯಿ ತೆರೆಯುವ ಮೊದಲೇ ರಾಜೀವಕ್ಕ ಮಂಜಪ್ಪನ ಮೇಲೆ ಹರಿಹಾಯ್ದಳು. “ದೇವರ ಹೆಸರನ್ನೂ ಅರ್ಧ ಮಾಡ್ತ್ಯನೋ? ಅದೆಂತ ನಿನ್ನ ಚಾ ಆತನೋ?”

ಕೊನೆಗೆ ಇಡೀ ಬುಟ್ಟಿಗೆ ಒಮ್ಮೆಲೇ ಹೆಸರು ಹೇಳುವುದೆಂದು ತೀರ್ಮಾನವಾಯಿತು. ರಜಾಕ ಕೈಯ ಮೇಲೆ ತಾನೇ ಕುಳಿತು ಹೆಸರು ಹೇಳಿ ಮುಗಿಸಿ, ಮೆಲ್ಲಗೆ ಕೈ ಹೊರತೆಗೆದ. ಕೈ ಪಳಗಿತು. ಮಿಡಿಗಳು ಕೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ ಭರಣಿಗೆ ಇಳಿದವು. ಅಂತೂ ಕೆಲಸ ಉಳಿಯಿತು ಎಂದುಕೊಳ್ಳುವಾಗ ಮಸೀದಿಯಿಂದ ಮಧ್ಯಾಹ್ನದ ಅಜಾನ್ ಕೇಳಿತು: “ಅಲ್ಲಾಹು ಅಕ್ಬರ್, ಅಲ್ಲಾಹು ಅಕ್ಬರ್.” ರಜಾಕ ಭಕ್ತಿಯಿಂದ ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಬುಟ್ಟಿಯ ಸುತ್ತ ತೊಟ್ಟುಗಳು ಕ್ಷೌರದಂಗಡಿಯ ಕೂದಲಿನಂತೆ ಬಿದ್ದಿದ್ದವು.

ನಮಾಜು ಮುಗಿಸಿ ಬಂದವನ ಮುಖ ನೋಡಿ ರಾಜೀವಕ್ಕನಿಗೂ ಪಾಪ ಅನ್ನಿಸಿತು. “ಮುರದ್ದು ಮುರತ್ತು. ಅದನ್ನೆಲ್ಲ ಕೊಚ್ಚು, ಖಾರ ಕಲಸಿ ಹಿಂದೆ ಮುಚ್ಚಿಡನ. ಸಾಹೇಬ್ರಿಗೆ ಆನು ಹೇಳ್ತ್ನಿಲ್ಲೆ.”

ರಜಾಕ ಚೂರಿ ಹಿಡಿದ. ಹೋಳು ಹೋಳಿಗೂ ಹೆಸರು, ಹೆಸರು ಹೆಸರಿಗೂ ಹೋಳು. ಇಡೀ ದಿನದಲ್ಲಿ ಅವನ ಮನಸ್ಸು ತಣ್ಣಗಾದದ್ದು ಆಗ ಮಾತ್ರ.

ಸಂಜೆ ದುಬೈಯಲ್ಲಿ ಅಂಗಡಿಯಿಟ್ಟ ಭಟ್ಕಳದ ವ್ಯಾಪಾರಿ ಬಂದರು. ಭರಣಿಯ ಮಿಡಿಯೊಂದನ್ನು ತೊಟ್ಟು ಹಿಡಿದೆತ್ತಿ, “ಇದಕ್ಕೆ ಬಾಲ ಎಂಥಕ್ಕೆ?” ಎಂದು ಮುಖ ಹಿಂಡಿದರು. ಖಾರದ ಘಮ ಹಿಡಿದು ಹಿಂದೆ ಹೋಗಿ, ಬಚ್ಚಿಟ್ಟ ಪಾತ್ರೆಯ ಮುಚ್ಚಳ ತೆಗೆದು ಒಂದು ಹೋಳು ಬಾಯಿಗಿಟ್ಟರು. ಕಣ್ಣು ಮುಚ್ಚಿದರು.

“ಇದನ್ನ ಕೊಯ್ದವರ್ಯಾರು?”

ರಜಾಕ ನಡೆದದ್ದನ್ನೆಲ್ಲ ಹೇಳಿದ.

“ಹೋಳು ಹೋಳಿಗೂ ದೇವರ ಹೆಸರಾ?” ವ್ಯಾಪಾರಿಯ ಕಣ್ಣು ತುಂಬಿತು. “ನಮ್ಮ ಗಿರಾಕಿಗಳಿಗೆ ಇಂಥದ್ದೇ ಬೇಕು. ಲಾರಿಗಟ್ಲೆ ಕಳಿಸಿ.”

ಶಾಕಿರ್ ಸಾಹೇಬರು ರಜಾಕನನ್ನು ಬರಸೆಳೆದು ಅಪ್ಪಿಕೊಂಡರು. “ಅಂಗಡಿ ಉಳಿಸಿದ್ರಿ ಭಾಯ್. ಆದ್ರೆ ಲಾರಿಗಟ್ಲೆ ಅಂದ್ರೆ ಕೈಯಲ್ಲಾಗೋ ಮಾತಲ್ಲ. ಹುಬ್ಬಳ್ಳಿಯಿಂದ ಕೊಚ್ಚೋ ಮಷೀನು ತರಿಸ್ತೀನಿ.”

“ಮಷೀನಿಗೆ ಹೆಸರು ಹೇಳೋರು ಯಾರು?” ವ್ಯಾಪಾರಿ ಕೇಳಿದರು.

“ರಜಾಕ್ ಭಾಯ್ ದನೀನ ಟೇಪಿನಲ್ಲಿ ಹಿಡಿದು ದಿನವಿಡೀ ಹಾಕಿಡೋಣ.”

“ಮತ್ತೆ ನಾನು?” ಎಂದ ರಜಾಕ.

“ಊರಿನವರಿಗೆ ತೊಟ್ಟಿನ ಮಿಡಿಯೇ ಆಗ್ಬೇಕಲ್ಲ. ನೀವು ಮಷೀನಿನ ಪಕ್ಕ ಕೂತು ಅದನ್ನ ಆರಿಸ್ತಾ ಇರಿ.”

ಸಾಹೇಬರಿಗೆ ತಡೆಯಲಾಗಲಿಲ್ಲ. ಟೇಪ್ ರೆಕಾರ್ಡರು ತರಿಸಿ, ಕೈಯ ಮೇಲೆ ಕುಳಿತ ರಜಾಕನ ಬಾಯಿಯ ಮುಂದೆ ಹಿಡಿದು ಹೆಸರು ಹೇಳಿಸಿಕೊಂಡರು. ಹೇಗೆ ಬಂದಿದೆಯೋ ನೋಡೋಣ ಎಂದು ಒಂದು ಕೈಯಿಂದ ಗುಂಡಿ ಒತ್ತಿ, ಇನ್ನೊಂದನ್ನು ಎದ್ದು ನಿಂತವನ ಹೆಗಲ ಮೇಲೆ ಹಾಕಿದರು.

ರಾಜೀವಕ್ಕ ಗಡಬಡಿಸಿ ಮಿಡಿಯ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು. ಟೇಪು ಮಾತಾಡಿತು. ಬುಟ್ಟಿ ಸಿಗದ ರಜಾಕನ ಕೈಗೆ ಸಾಹೇಬರ ಅಂಗಿಯ ಮೇಲಿನ ಗುಂಡಿ ಸಿಕ್ಕಿತು.

ಟಕ್.