ಕಚ್ಚದೆ ನಂಬದ ಅತ್ತೆ ಮತ್ತು ಕೆಂಡದಡ್ಯ

ನನ್ನ ಸೋದರತ್ತೆ ತನ್ನ ಜೀವಮಾನದಲ್ಲಿ ಕಚ್ಚಿದಷ್ಟು ಸೌತೆಕಾಯಿಗಳನ್ನು ನಮ್ಮ ಸೀಮೆಯ ಮಂಗಗಳೆಲ್ಲ ಒಟ್ಟು ಸೇರಿದರೂ ಕಚ್ಚಿರಲಿಕ್ಕಿಲ್ಲ! ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಅನ್ನಿಸಿದರೆ ಕುಂದಾಪುರದ ಶನಿವಾರದ ಸಂತೆಯಲ್ಲಿ ತರಕಾರಿ ರಾಶಿ ಹಾಕಿ ಕೂರುವ ಹಳಬರನ್ನು ಕೇಳಿ. ದೂರದಲ್ಲಿ ಅತ್ತೆಯ ಸೆರಗು ಕಂಡರೆ ಸಾಕು, ಅವರು ಒಳ್ಳೆಯ ಸೌತೆಕಾಯಿಗಳನ್ನು ಗೋಣಿಯ ಅಡಿಗೆ ತಳ್ಳುತ್ತಿದ್ದರು.

ವಿಚಿತ್ರ ನೋಡಿ, ಅತ್ತೆ ಹೆಮ್ಮಾಡಿಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರಿದವರು. ಬಂಗುಡೆಯ ಕಿವಿರನ್ನು ಒಂದು ಬೆರಳಲ್ಲಿ ಎತ್ತಿ, ಅದು ನೀರು ಬಿಟ್ಟು ಎಷ್ಟು ಗಂಟೆಯಾಯಿತು ಎಂದು ಹೇಳಬಲ್ಲವರು. ಮೀನನ್ನು ಕಣ್ಣಿನಿಂದ, ಮನುಷ್ಯರನ್ನು ಮಾತಿನಿಂದ ಅಳೆಯುವ ಅವರು ಮುಳ್ಳುಸೌತೆಯನ್ನು ಮಾತ್ರ ಹಲ್ಲು ಊರದೆ ನಂಬಿದವರಲ್ಲ.

"ಹ್ವಾಯ್, ಕಚ್ಚಿದ್ರೆ ತಕಣ್ಕ್!" ಎಂದು, ಕಚ್ಚಿದ್ದನ್ನು ಕೊಳ್ಳಲೇಬೇಕೆಂದು, ಮಾರುವವನು ಕೂಗಿದರೆ, "ಕಹಿ ಇದ್ರೂ ತಕಣ್ಕಾ? ನೀನೇ ಕಚ್ಚಿ ಕಾಣ್, ಮತ್ತೆ ಮಾತಾಡ್" ಎಂದು ಕಚ್ಚಿದ ಕಾಯಿಯನ್ನೇ ಅವನ ಮೂಗಿನ ಮುಂದೆ ಹಿಡಿಯುತ್ತಿದ್ದರು. ಅವನು ಕಚ್ಚುತ್ತಿದ್ದ. ಅವನ ಮುಖ ಹಿಂಡಿದ ನಿಂಬೆಹಣ್ಣಾಗುತ್ತಿತ್ತು. ಅತ್ತೆ ಏನೂ ಆಗದವರಂತೆ ಮುಂದಿನ ರಾಶಿಗೆ ನಡೆಯುತ್ತಿದ್ದರು. ಹಿಂದಿನಿಂದ ಚೀಲ ಹಿಡಿದು ನಡೆಯುವ ನಾನು ಆ ಚೀಲದೊಳಗೇ ಹೊಕ್ಕುಬಿಡಲು ಜಾಗವಿದೆಯೇ ಎಂದು ನೋಡುತ್ತಿದ್ದೆ!

ಇಷ್ಟೆಲ್ಲ ಕಚ್ಚಾಟ ಯಾಕೆ? ಕೆಂಡದಡ್ಯಕ್ಕಾಗಿ. ನಮ್ಮ ಕಡೆಯಲ್ಲೂ ಈಗ ಅದನ್ನು ಬಲ್ಲವರು ಕಡಿಮೆ, ಆದ್ದರಿಂದ ಹೇಳಿಬಿಡುತ್ತೇನೆ. ಚೆನ್ನಾಗಿ ಹಣ್ಣಾದ ಮುಳ್ಳುಸೌತೆಯನ್ನು ತುರಿದು, ನೆನೆಸಿದ ಅಕ್ಕಿ, ಕಾಯಿತುರಿ, ಬೆಲ್ಲದ ಜೊತೆ ತರಿತರಿಯಾಗಿ ರುಬ್ಬಬೇಕು. ನೀರು ಒಂದು ಹನಿಯೂ ಬೇಡ, ಸೌತೆಯ ನೀರೇ ಸಾಕು. ಬಾಳೆಲೆ ಹಾಸಿದ ದಪ್ಪ ತಳದ ಪಾತ್ರೆಗೆ ಹಿಟ್ಟು ಹೊಯ್ದು ಮುಚ್ಚಳ ಮುಚ್ಚಿ, ಕೆಳಗೂ ಕೆಂಡ, ಮುಚ್ಚಳದ ಮೇಲೂ ತೆಂಗಿನ ಗೆರಟೆಯ, ಅಂದರೆ ಚಿಪ್ಪಿನ, ಕೆಂಡ! ಎರಡು ಬೆಂಕಿಗಳ ನಡುವೆ ಮೆಲ್ಲಗೆ ಬೆಂದು ಅಂಚು ಕಪ್ಪಾಗಿ, ನಡು ಜೇನುಬಣ್ಣವಾಗಿ ಬರುತ್ತದೆ. ಆದರೆ ಒಂದು ಸೌತೆ ಕಹಿಯಾದರೂ ಎಲ್ಲವೂ ಹೋಯಿತು. ಎಷ್ಟು ಬೆಲ್ಲ ಸುರಿದರೂ ಆ ಕಹಿ ಮುಚ್ಚುವುದಿಲ್ಲ.

ಹಾಗಾಗಿ ಅತ್ತೆಯ ನಾಲಗೆಗೆ ಊರಿನಲ್ಲಿ ಒಂದು ಸ್ಥಾನವಿತ್ತು. ಯಾರ ಮನೆಯಲ್ಲಿ ಏನೇ ಸಮಾರಂಭವಿರಲಿ, ಹಿಂದಿನ ದಿನ ಹೆಂಗಸರು ಮಡಿಲಲ್ಲಿ ಸೌತೆಕಾಯಿ ಕಟ್ಟಿಕೊಂಡು ಅತ್ತೆಯ ಜಗಲಿಗೆ ಬರುತ್ತಿದ್ದರು. ಅತ್ತೆ ಒಂದೊಂದನ್ನೂ ಕಚ್ಚಿ, ಕಣ್ಣು ಮುಚ್ಚಿ, "ಇದ್ ಆತ್ತ್. ಇದ್ ದನಕ್ ಹಾಕ್" ಎಂದು ತೀರ್ಪು ಕೊಡುತ್ತಿದ್ದರು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಅಡ್ಯ ಬೇಯುವಾಗ ಅವರ ಇನ್ನೊಂದು ಕಾನೂನಿತ್ತು. "ಆಯ್ತಾ?" ಎಂದು ಯಾರೂ ಕೇಳಬಾರದು. ಕೇಳಿದರೆ ಇನ್ನೂ ಅರ್ಧ ಗಂಟೆ! ಇದು ಸಾವಿರದ ಒಂಬೈನೂರ ತೊಂಬತ್ತೇಳರ ಮಾತು, ನನಗಾಗ ಹನ್ನೆರಡು ವರ್ಷ. ನಾನು, ಅಣ್ಣ, ಪಕ್ಕದ ಮನೆಯ ಮೂವರು ಮಕ್ಕಳು ಬಾಯಿಗೆ ಕೈ ಒತ್ತಿಕೊಂಡು ಒಲೆಯ ಸುತ್ತ ಕೂತಿದ್ದೆವು. ಇನ್ನೇನು ಅತ್ತೆ ಮುಚ್ಚಳಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಅಂಗಳದಿಂದ ಅಂಚೆಯವರು, "ಎಂತ ಪರಿಮಳ ಮಾರ್ರೆ! ಆಯ್ತಾ?" ಎಂದು ಕೇಳಬೇಕೇ? ಅತ್ತೆ ಕೈಯನ್ನು ಹಿಂದಕ್ಕೆ ತೆಗೆದು ಸೆರಗಿನೊಳಗೆ ಇಟ್ಟುಕೊಂಡರು. ಆ ಅರ್ಧ ಗಂಟೆಯಲ್ಲಿ ನಾವು ಐದು ಮಂದಿ ಸೇರಿ ಆ ಪಾಪದ ಮನುಷ್ಯರಿಗೆ ಹಾಕಿದ ಶಾಪ ಒಂದೂ ತಟ್ಟಲಿಲ್ಲ. ಮರುವಾರವೂ ಸೈಕಲ್ ತುಳಿದುಕೊಂಡೇ ಬಂದರು.

ಅಡ್ಯವನ್ನು ನಾನು ಅಷ್ಟು ಆಸೆಪಟ್ಟು ತಿನ್ನುತ್ತಿದ್ದೆ ಎಂಬುದನ್ನು ನೀವು ನೆನಪಿಡಬೇಕು. ಯಾಕೆಂದರೆ ಮರುವರ್ಷ ಹೈಸ್ಕೂಲಿನಲ್ಲಿ ಗೆಳತಿಯೊಬ್ಬಳು ನನ್ನ ಡಬ್ಬಿಯೊಳಗೆ ಇಣುಕಿ, ಅಡ್ಯದ ಸೀದ ಅಂಚನ್ನು ತೋರಿಸಿ, "ಎಂತದೇ ಇದ್, ಕರಂಚಿ ಹೋಯಿತ್ತಲೆ?" ಎಂದಾಗ ನಾನು ಏನು ಹೇಳಿದೆ ಗೊತ್ತೇ? "ನಾಯಿಗೆ ಇಟ್ಟದ್ದ್, ಡಬ್ಬಿ ಅದಲ್ ಬದಲ್ ಆಯ್ತ್" ಎಂದೆ! ಸಂಜೆ ಅತ್ತೆ, "ನಿನ್ ಗೆಳ್ತಿಯರ್ ತಿಂದ್ರಾ?" ಎಂದು ಕೇಳಿದರು. "ಡಬ್ಬಿ ನೆಕ್ಕಿದ್ರ್" ಎಂದೆ. ಸುಳ್ಳಿಗೆ ಶಿಕ್ಷೆ ಕೂಡಲೇ ಸಿಕ್ಕಿತು. ಮರುದಿನ ಅತ್ತೆ ಎರಡು ಡಬ್ಬಿ ಕಟ್ಟಿದರು!

ನನಗೆ ಗಂಡು ನೋಡುವ ಹೊತ್ತಿನಲ್ಲೂ ಅತ್ತೆ ಸುಮ್ಮನಿರಲಿಲ್ಲ. ಬಂದ ಹುಡುಗನ ಮುಂದೆ ಕೆಂಡದಡ್ಯದ ದೊಡ್ಡ ತುಂಡಿಟ್ಟು, ಎದುರಿಗೆ ಕೂತು ಪರೀಕ್ಷೆ ನಡೆಸಿದರು. ಹುಡುಗನ ಕಡೆಯವರು ಎದ್ದು ಹೋದ ಮೇಲೆ ಅತ್ತೆ ಒಳಗೆ ಬಂದು, "ಸೈ. ಇವನನ್ನೇ ಮದಿ ಆಗ್" ಎಂದರು. ಯಾಕೆ ಅತ್ತೆ, ಗುಣ ಗೊತ್ತಾಯಿತೇ? "ಗುಣ ಎಂತಕೆ? ಕರಂಚಿದ ಅಂಚನ್ನೂ ಬಿಡ್ದೆ ತಿಂದ. ನಿನ್ ಅಡ್ಗಿ ತಿಂಬುಕೆ ಇಂಥವನೇ ಬೇಕ್!"

ಇಲ್ಲಿಯವರೆಗೆ ನಗುತ್ತ ಬರೆದೆ. ಮುಂದಿನದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಮದುವೆಯಾಗಿ ನಾವು ಬ್ರಹ್ಮಾವರದಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಎರಡು ಸಾವಿರದ ಹನ್ನೆರಡರ ಚೌತಿಯ ಆಸುಪಾಸಿನ ಒಂದು ಭಾನುವಾರ ಮಗಳ ಮೂರನೇ ಹುಟ್ಟುಹಬ್ಬ. ಮುಂಬೈಯಿಂದ ಭಾವ, ಅಂದರೆ ನನ್ನ ಗಂಡನ ಅಣ್ಣ, ನಾನು ಅಕ್ಕ ಎಂದು ಕರೆಯುವ ಅವರ ಹೆಂಡತಿ, ಮಕ್ಕಳು ಬಂದಿದ್ದರು. ಅವರಿಗೆ ನಾವೂ ಕಡಿಮೆಯಿಲ್ಲ ಎಂದು ತೋರಿಸಬೇಕಲ್ಲ? ಬೇಕರಿಯಲ್ಲಿ ಗೊಂಬೆಯ ಆಕಾರದ ಕೇಕು ಹೇಳಿದ್ದೆ. ಶುಕ್ರವಾರವೇ ಅತ್ತೆ ಮೂರು ಹಣ್ಣುಸೌತೆ, ಒಂದು ಪಾತ್ರೆ, ಒಂದು ಗೋಣಿ ಗೆರಟೆಯ ಸಮೇತ ಬಸ್ಸಿಳಿದರು. ಗೆರಟೆಗೂ ಅರ್ಧ ಟಿಕೆಟ್ ಕೇಳಿದನೆಂದು ಕಂಡಕ್ಟರನಿಗೆ ಬೈಯುತ್ತಲೇ ಒಳಗೆ ಬಂದರು.

"ಅತ್ತೆ, ಕೇಕಿತ್ತ್. ಅಡ್ಯ ಎಂತಕೆ?"

"ಕೇಕ್ ಊದುಕೆ. ಅಡ್ಯ ತಿಂಬುಕೆ."

ಮರುದಿನ ಬೆಳಿಗ್ಗೆ ಅವರು ನನ್ನನ್ನು ಹಿತ್ತಲಿಗೆ ಕರೆದರು. ಸೌತೆ ಮೂರನ್ನೂ ಹೆಚ್ಚಿ, ಒಂದೊಂದರ ಒಂದೊಂದು ಹೋಳು ತಟ್ಟೆಯಲ್ಲಿಟ್ಟಿದ್ದರು. ಆದರೆ ಒಂದರ ಮೇಲೂ ಹಲ್ಲಿನ ಗುರುತಿರಲಿಲ್ಲ.

"ಹೆಣೆ, ಒಂದ್ ಮಾತ್ ಹೇಳ್ತೆ, ಯಾರಿಗೂ ಹೇಳುಕಾಗ" ಎಂದು ದನಿ ತಗ್ಗಿಸಿದರು. "ಆಸಾಡಿ ತಿಂಗ್ಳಂಗೆ ಜ್ವರ ಬಂದಿತ್ತಲೆ, ಅದ್ ಹೋಪತಿಗೆ ನಾಲ್ಗಿಯನ್ನೂ ತಕಂಡ್ ಹೋಯ್ತ್. ಉಪ್ಪು, ಸಿಹಿ, ಕಹಿ ಎಂತದೂ ಗೊತ್ತಾತಿಲ್ಲೆ. ಊರಂಗೆ ತಿಳಿದ್ರೆ ಸೌತಿಕಾಯಿ ಹಿಡ್ಕಂಡ್ ನಮ್ ಜಗ್ಲಿಗ್ ಯಾರ್ ಬತ್ರ್, ಹೇಳ್? ನೀನ್ ಒಂಚೂರ್ ಕಚ್ಚಿ ಕಾಣ್."

ಇಷ್ಟು ಹೇಳಿ ಬಗ್ಗಿ, ಬೆನ್ನು ಈ ಕಡೆ ಮಾಡಿ, ಒಲೆಗೆ ಮೂರು ಕಲ್ಲು ಜೋಡಿಸತೊಡಗಿದರು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಬೇಕರಿಯವನು. ಗೊಂಬೆಯ ಫ್ರಾಕು ಗುಲಾಬಿಯೋ ನೇರಳೆಯೋ? ಗುಲಾಬಿ ಮಾರಾಯ, ಗುಲಾಬಿ! ತಟ್ಟೆ ನನ್ನ ಎಡಗೈಯಲ್ಲಿತ್ತು. ಹೇಗೂ ಈ ಅಡ್ಯವನ್ನು ಯಾರ ಮುಂದೆಯೂ ಇಡುವುದಿಲ್ಲ ಎಂದು ನಾನಾಗಲೇ ನಿಶ್ಚಯಿಸಿಯಾಗಿತ್ತು. ಮತ್ತೆ ಕಚ್ಚುವುದೇಕೆ? ಮೂರೂ ಹೋಳುಗಳನ್ನು ದಾಸವಾಳದ ಬುಡಕ್ಕೆ ಎಸೆದೆ.

"ಹ್ಯಾಂಗಿತ್ತ್?" ತಿರುಗದೆಯೇ ಕೇಳಿದರು.

"ಮೂರೂ ಸಿಹಿ ಅತ್ತೆ. ಸಕ್ಕರಿ ಕಣೆಗೆ."

ಸಂತೆಯ ಅಷ್ಟು ಜನರಲ್ಲಿ ಒಬ್ಬರ ಮಾತನ್ನೂ ನಂಬದ ಹೆಂಗಸು ನನ್ನ ಮಾತನ್ನು ನಂಬಿ ಅಕ್ಕಿ ರುಬ್ಬಲು ಕೂತರು.

ಭಾನುವಾರ ಕೆಂಡದ ಹೊಗೆ ಎದ್ದಾಗ ಮಹಡಿಯಿಂದ ಮನೆಯ ಯಜಮಾನರು, "ಹ್ವಾಯ್, ಮನಿಗ್ ಬೆಂಕಿ ಬಿತ್ತಾ?" ಎಂದು ಓಡಿ ಬಂದರು. "ಬೀಳ್ಲಿಲ್ಲೆ, ನಾನೇ ಹಾಕಿದ್ದ್. ಕೂಕಣಿ" ಎಂದು ಅತ್ತೆ ಅವರನ್ನೂ ಒಲೆಯ ಬದಿಗೆ ಕೂರಿಸಿಕೊಂಡರು. ಅಡ್ಯ ಇಳಿದ ಕೂಡಲೇ ನಾನು ಅದನ್ನು ಅಡುಗೆಮನೆಗೆ ಒಯ್ದು, ಮಿಕ್ಸಿಯ ಹಿಂದಿಟ್ಟು, ಮೇಲೆ ಪೇಪರು ಮುಚ್ಚಿದೆ. ಕೇಕು ಕತ್ತರಿಸಿ, ಫೋಟೊ ತೆಗೆದು, ಊಟ ಮುಗಿಯುವಷ್ಟರಲ್ಲಿ ಭಾವ ಮೂಗು ಅರಳಿಸುತ್ತ ನೀರು ಕುಡಿಯಲು ಒಳಗೆ ಬಂದರು.

"ಅರೆ! ಇದ್ ಕೆಂಡದಡ್ಯದ ಪರಿಮಳ ಅಲ್ದಾ? ಮುಂಬೈಗ್ ಹೋದ್ಮೇಲೆ ಕಂಡದ್ದೇ ಇಲ್ಲೆ ಮಾರಾಯ್ತಿ! ಅಡ್ಗ್ಸಿ ಇಟ್ಟದ್ದಾ?"

ನಾನು ಯಾರಿಗೆ ನಾಚಿ ಬಚ್ಚಿಟ್ಟಿದ್ದೆನೋ ಅವರೇ ಪಾತ್ರೆಯನ್ನು ಎತ್ತಿಕೊಂಡು ಹೋಗಿ, ಹುಡುಗರಂತೆ ಕುಣಿಯುತ್ತ ಎಲ್ಲರಿಗೂ ಒಂದೊಂದು ತುಂಡು ಹಂಚಿದರು. ಎಲ್ಲರೂ ಒಟ್ಟಿಗೆ ಬಾಯಿಗಿಟ್ಟರು.

ಒಂದು ಕ್ಷಣ ಯಾರೂ ಅಗಿಯಲಿಲ್ಲ. ಆಮೇಲೆ ಅಕ್ಕ ಟಿಶ್ಯೂ ಹುಡುಕಿದರು. ಭಾವ ನುಂಗಲೂ ಆಗದೆ ಉಗಿಯಲೂ ಆಗದೆ ಕಿಟಕಿಯ ಕಡೆ ತಿರುಗಿದರು. ಮಗಳು ಹೊಸ ಫ್ರಾಕಿನ ಮೇಲೆಲ್ಲ ಉಗುಳಿ ಅಳತೊಡಗಿದಳು. ಕಹಿ! ಕಷಾಯದ ಚರಟದಂಥ ಕಹಿ! ಎಲ್ಲರ ಕಣ್ಣೂ ಮನೆಯೊಡತಿಯಾದ ನನ್ನ ಮೇಲೆ ಬಿತ್ತು. ಆಗ ಈ ಬಾಯಿ ಹೇಳಿತು:

"ನಾನ್ ಬೇಡ ಅಂದಿದ್ದೆ ಭಾವ. ಅತ್ತೆಗೆ ವಯಸ್ಸಾಯ್ತ್, ಹೇಳ್ರೆ ಕೇಣುದಿಲ್ಲೆ."

ಅತ್ತೆ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದರು. ನನ್ನನ್ನು ಒಮ್ಮೆ ನೋಡಿದರು. ಒಮ್ಮೆ ಮಾತ್ರ. ಈಗ ಹೇಳುತ್ತಾರೆ, ಇವಳೇ ಕಚ್ಚಿ ನೋಡಿದ್ದು ಎಂದು ಈಗ ಹೇಳುತ್ತಾರೆ.

"ಹೌದ್ ಮಾರ್ರೆ, ನನ್ದೇ ತಪ್ಪ್" ಎಂದರು ಅತ್ತೆ. "ನಾಲ್ಗಿ ಸತ್ತ್ ಎರಡ್ ತಿಂಗ್ಳಾಯ್ತ್, ರುಚಿಯೇ ಗೊತ್ತಾತಿಲ್ಲೆ. ಸೊಕ್ಕಂಗೆ ಯಾರ್ ಹತ್ರೂ ಕಚ್ಚಿ ಕಾಣುಕ್ ಹೇಳ್ಲಿಲ್ಲೆ."

"ಓಹೋ, ಅತ್ತೆಯ ನಾಲ್ಗಿಗೂ ರಿಟೈರ್ಮೆಂಟ್ ಆಯ್ತಾ!" ಎಂದರು ಯಾರೋ. ಎಲ್ಲರೂ ನಕ್ಕರು. ಹೆಮ್ಮಾಡಿಯಿಂದ ಬಂದಿದ್ದ ನನ್ನ ಅಣ್ಣನ ಹೆಂಡತಿಯೂ ನಕ್ಕಳು. ಸಂಜೆಯ ಬಸ್ಸಿನಲ್ಲಿ ಈ ಸುದ್ದಿ ಅವಳ ಜೊತೆ ಊರಿಗೆ ಹೋಗಿ ಇಳಿಯುತ್ತದೆ ಎಂದು ಅತ್ತೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ನಾನು ನಕ್ಕೆ. ಎಲ್ಲರಿಗಿಂತ ಗಟ್ಟಿಯಾಗಿಯೇ ನಕ್ಕೆ.

ನಾಲ್ಕು ಗಂಟೆಗೆ ನೆಂಟರೆಲ್ಲ ಹೋದ ಮೇಲೆ ಹಿತ್ತಲಿಗೆ ಹೋದೆ. ಅತ್ತೆ ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದರು. ಪಕ್ಕದ ಬಾಳೆಲೆಯಲ್ಲಿ ಉಳಿದ ಅಡ್ಯವಿತ್ತು. ನಡುನಡುವೆ ಅದನ್ನೇ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

"ಅತ್ತೆ, ತಿನ್ಬೇಡಿ."

"ನಂಗ್ ಕಹಿ ಗೊತ್ತಾತಿಲ್ಲಲೆ. ಅಷ್ಟ್ ಅಕ್ಕಿ, ಬೆಲ್ಲ ಹಾಳ್ ಮಾಡುದೆಂತಕೆ?"

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅಡುಗೆಮನೆಯಿಂದ ಹಿತ್ತಲಿಗೆ ಎಷ್ಟು ದಾರಿ ಎನ್ನುತ್ತೀರಿ? ಅಂದು ಅದು ಬಹಳ ದೂರವಿತ್ತು. ಬಾಳೆಲೆಯನ್ನು ಅವರ ಕೈಗೆಟುಕದಂತೆ ನನ್ನ ಕಡೆಗೆ ಎಳೆದುಕೊಂಡು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಒಂದು ತುಂಡು ತೆಗೆದು ಕಚ್ಚಿದೆ. ಮೊದಲು ಬೆಲ್ಲ, ಆಮೇಲೆ ಕಾಯಿ, ಅದರ ಬೆನ್ನಿಗೆ ಆ ಕಹಿ. ನಾಲಗೆಯ ಬುಡದಿಂದ ಕಿವಿಯವರೆಗೆ ಏರಿತು. ಕಣ್ಣಲ್ಲಿ ನೀರು ಬಂತು. ಅಗಿಯುವುದನ್ನು ನಿಲ್ಲಿಸಲಿಲ್ಲ.

ಅತ್ತೆ ತಿಕ್ಕುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು.

"ಹ್ಯಾಂಗಿತ್ತ್?"

"ಕಹಿ, ಅತ್ತೆ."

"ಹ್ಞಾಂ" ಎಂದರು. "ಈಗ ಕಚ್ಚಿದ್ದ್ ಹೌದ್."

ಬೂದಿ ಮೆತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು, ಮೂರು ವರ್ಷದ ಮಗುವಿಗೆ ಹಿಡಿಯುವಂತೆ ಅಂಗೈಯನ್ನು ನನ್ನ ಗಲ್ಲದ ಕೆಳಗೆ ಹಿಡಿದರು.

"ಉಗಿ ಮಗಾ. ಸಾಕ್."