ಪಿಂಗಾಣಿ ಮನೆಯಲ್ಲಿ ಪಿಸುಮಾತು

ಮದುಮಗಳ ಕತ್ತು ಮುರಿದು, ಮತ್ತೆ ಅಂಟಿಸುವಾಗ ಮುಖವನ್ನು ಬೆನ್ನಿನ ಕಡೆ ಕೂರಿಸಿದ ಮಹಾಪುರುಷ ನಾನೇ. ಗಾಬರಿಯಾಗಬೇಡಿ, ಪಿಂಗಾಣಿ ಗೊಂಬೆ! ಆದರೆ ಅದು ಚನ್ನಗಿರಿಯ ನಮ್ಮ ಸೋದರತ್ತೆಯ ಗೊಂಬೆ. ಹಾಗಾಗಿ ಗಾಬರಿಯಾದರೂ ತಪ್ಪಿಲ್ಲ.

ಅತ್ತೆಗೆ ನಮ್ಮಂಥ ಮನುಷ್ಯರು ಅಷ್ಟಕ್ಕಷ್ಟೆ, ಗೊಂಬೆಗಳೆಂದರೆ ಪ್ರಾಣ. ಅದೂ ಹಳೇ ಸಂಪ್ರದಾಯದವೇ ಆಗಬೇಕು: ಜೋಳ ಬೀಸುವವಳು, ರುಮಾಲು ಸುತ್ತಿದ ಗೌಡ, ಕೊಡ ಹೊತ್ತವಳು. ಕೊಡ ಹೊತ್ತವಳನ್ನು ಹೊನ್ನಾಳಿಯಿಂದ ತರುವಾಗ ಸರ್ಕಾರಿ ಬಸ್ಸಿನಲ್ಲಿ ಅವಳಿಗೇ ಒಂದು ಸೀಟು ಕೊಟ್ಟು, ಶಾಲು ಹೊದಿಸಿ ಕೂರಿಸಿದ್ದರು.

“ಇದಕ್ಕೆ ಟಿಕೆಟ್ ತಗಳ್ರಿ ಅಮ್ಮಾರೆ,” ಎಂದ ಕಂಡಕ್ಟರ್.

“ಹೆಣ್ಮಗಳು ಕಣಪ್ಪಾ. ಫ್ರೀ ಅಲ್ವೇನು?”

“ಹಂಗಾರೆ ಆಧಾರ್ ಕಾರ್ಡ್ ತೋರಿಸ್ರಿ!”

ಅತ್ತೆ ಗೊಂಬೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. “ಮಡಿಲ ಕೂಸಿಗೆ ಎಲ್ಲಿ ಆಧಾರ್ ಕೇಳ್ತಾರಪ್ಪಾ?”

ಇಡೀ ಬಸ್ಸು ನಕ್ಕಿತು. ಜೊತೆಗೆ ಹೋಗಿದ್ದ ನಾನು ಮಾತ್ರ ಕಿಟಕಿಯಾಚೆ ನೋಡುತ್ತ, ಇವರು ಯಾರೋ ಗೊತ್ತೇ ಇಲ್ಲ ಎನ್ನುವ ಮುಖ ಮಾಡಿದೆ.

ಗೊಂಬೆಗಳ ಪೈಕಿ ಎಲ್ಲರಿಗಿಂತ ಹಿರಿಯರು ಬಾಸಿಂಗ ಕಟ್ಟಿದ ಮದುಮಕ್ಕಳು. ಅತ್ತೆ ಮದುವೆಯಾಗಿ ಬಂದ ವರ್ಷವೇ ಕೊಂಡ ಜೋಡಿ. ಅಂದಿನಿಂದ ಆ ಮನೆಯ ನಡುಮನೆಗೊಂದು ಕಾನೂನು: ಯಾರೂ ದನಿ ಎತ್ತುವಂತಿಲ್ಲ. ಎತ್ತಿದರೆ ಪಿಂಗಾಣಿ ಸೀಳು ಬಿಡುತ್ತದಂತೆ! ನಮ್ಮ ಮಾವ ಅಡಿಕೆ ವ್ಯಾಪಾರಿ. ಸಂತೇಬೆನ್ನೂರಿನ ಸಂತೆಯಲ್ಲಿ ಅವರು ಒಮ್ಮೆ ಕೂಗಿದರೆ ಮಲಗಿದ ಎತ್ತುಗಳು ಎದ್ದು ನಿಲ್ಲುತ್ತವೆ. ಅಂಥವರು ಮನೆಯಲ್ಲಿ “ಕಾಫಿ ಐತೇನೇ?” ಎಂದು ಕಳ್ಳಮಾಲು ವಿಚಾರಿಸುವವರಂತೆ ಪಿಸುಗುಟ್ಟುತ್ತಾರೆ. ಜಗಳ ಬಂದರೆ ಇಬ್ಬರೂ ಹಿತ್ತಲಿಗೆ ನಡೆಯಬೇಕು. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಎಷ್ಟು ಬೇಕಾದರೂ ಕೂಗಾಡಬಹುದು.

ಇಂಥ ಮನೆಯಲ್ಲಿ ನಾನು ಮದುಮಕ್ಕಳ ಜೊತೆ ಸೆಲ್ಫಿಗೆ ನಿಂತೆ. ಮೊಣಕೈ ತಗುಲಿತು. ಮದುಮಗಳ ತಲೆ ಉರುಳಿತು. ಅತ್ತೆ ಪೂಜೆ ಮುಗಿಸಿ ಬರುವಷ್ಟರಲ್ಲಿ ಗಮ್ ಮೆತ್ತಿ ಅಂಟಿಸಿದೆ. ಅವಸರದಲ್ಲಿ ದಿಕ್ಕು ನೋಡುವವರು ಯಾರು?

ಅತ್ತೆ ಬಂದವರೇ ನಿಂತರು. “ಯಾಕಲೇ, ಮದುಮಗಳು ಗೋಡೆ ಕಡೀಗೆ ಮಕ ಮಾಡ್ಯಾಳೆ?”

“ಗಂಡನ ಮೇಲೆ ಮುನಿಸಿರಬೇಕು ಅತ್ತೆ...”

ಅವರ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು. ಬಾಯಿ ತೆರೆದರು. ಆದರೆ ಕೂಗುವುದು ಹೇಗೆ? ಎದುರಿಗೇ ಗೊಂಬೆಗಳು! “ನಡಿ ಹಿತ್ತಲಿಗೆ,” ಎಂದು ಪಿಸುಗುಟ್ಟಿ ನನ್ನ ಕಿವಿ ಹಿಡಿದರು. ನಡುಮನೆ ದಾಟಿದೆವು, ಅಡುಗೆಮನೆ ದಾಟಿದೆವು, ಬಚ್ಚಲು ದಾಟಿದೆವು. ಕಲ್ಲಿನ ಹತ್ತಿರ ಬರುವ ಹೊತ್ತಿಗೆ ಕಿವಿಯ ಮೇಲಿನ ಹಿಡಿತ ಸಡಿಲವಾಗಿತ್ತು. ತಿರುಗಿ ನೋಡಿದರೆ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾರೆ! “ಮುನಿಸಂತೆ ಮುನಿಸು! ಹೋಗಲೇ, ಬಿಸಿನೀರಾಗೆ ಗಮ್ ಬಿಡಿಸಿ ಸರಿಯಾಗಿ ಕೂರಿಸು.”

ಬದುಕಿದೆ! ಹೋದ ಜೀವ ಬಂದಂತಾಯಿತು.

ಸಂಜೆ ಅದೇ ಕಲ್ಲಿನ ಮೇಲೆ ಕುಳಿತು ಮಾವನಿಗೆ ಎಲ್ಲ ವರದಿ ಒಪ್ಪಿಸಿದೆ. ಹಿತ್ತಲಲ್ಲಿ ಜೋರಾಗಿ ನಗಬಹುದಿತ್ತು. ಮಾವ ನಗಲಿಲ್ಲ.

“ಮದ್ವೆ ಹೊಸದ್ರಾಗೆ ನಾನು ಭಾಳ ಕೂಗಾಡ್ತಿದ್ದೆ ಕಣಲೇ,” ಎಂದರು. “ನಿಮ್ಮತ್ತೆ ಒಬ್ಬಳೇ ಕುಂತು ಅಳ್ತಿದ್ಲು. ಒಂದಿನ ಆ ಜೋಡಿ ತಂದಿಟ್ಟು, ಕೂಗಿದ್ರೆ ಸೀಳು ಬಿಡ್ತಾವೆ ಅಂದ್ಲು.” ಮನೆಯ ಕಡೆ ಒಮ್ಮೆ ನೋಡಿ, ದನಿ ಇನ್ನೂ ತಗ್ಗಿಸಿದರು. “ಕೂಗಿಗೆ ಪಿಂಗಾಣಿ ಸೀಳತೈತೇನೋ ಹುಚ್ಚಪ್ಪಾ? ಅವತ್ತೇ ಗೊತ್ತಿತ್ತು ನಂಗೆ. ನಿಮ್ಮತ್ತೆಗೆ ಮಾತ್ರ ಹೇಳಬ್ಯಾಡ.”