ಹವಾಮಾನ ಕಚೇರಿ ಪೇಜು ತೆರೆದಾಗ

ಸರ್ಕಾರಿ ಕೆಲಸದಲ್ಲಿ ಗಾಬರಿಯಾಗುವ ಪ್ರಸಂಗ ಕಡಿಮೆ ಅಂತ ಯಾರಾದರೂ ಅಂದುಕೊಂಡಿದ್ದರೆ ಅವರು ನಮ್ಮ ಕಚೇರಿಯ ಪೇಜು ನೋಡಿಲ್ಲ ಅಂತಲೇ ಅರ್ಥ. ದಾವಣಗೆರೆಯಲ್ಲಿ ಕೂತು ಹದಿನೆಂಟು ವರ್ಷ ಮಳೆ ಅಳೆದೆ. ಒಬ್ಬರೂ ನನ್ನನ್ನು ಮಾತಾಡಿಸಿರಲಿಲ್ಲ. "ಸೋಶಿಯಲ್ ಮೀಡಿಯಾ ಬಳಸಿ, ಜನರ ಹತ್ತಿರ ಹೋಗಿ" ಅಂತ ಮೇಲಿನಿಂದ ಆದೇಶ ಬಂದ ದಿನ ಸಾಹೇಬರು ಕಚೇರಿಯನ್ನೆಲ್ಲ ಒಮ್ಮೆ ನೋಡಿದರು. ಇದ್ದವರೇ ಮೂರು ಮಂದಿ. ಮೊಬೈಲಿನಲ್ಲಿ ಕನ್ನಡ ಟೈಪು ಬರುತ್ತಿದ್ದದ್ದು ನನಗೊಬ್ಬಳಿಗೆ.

"ಮೇಡಂ, ಇನ್ಮ್ಯಾಲೆ ಪೇಜು ನಿಮ್ದು," ಅಂದರು. ಆಮೇಲೆ ಆದದ್ದು ಇದು.

1. ಹಳದಿ

ನನ್ನ ಮೊದಲ ಪೋಸ್ಟು: "ನಾಳೆ ಜಿಲ್ಲೆಯಾದ್ಯಂತ ಯೆಲ್ಲೋ ಅಲರ್ಟ್."

ಹತ್ತು ನಿಮಿಷಕ್ಕೆ ವಿನೋಬನಗರದ ಒಬ್ಬ ಹೆಣ್ಣುಮಗಳ ಫೋನು. "ಮೇಡಂ, ನಾಳೆ ಹಳದಿ ಅಂತ ಹಾಕೀರಲ್ಲ, ಸೀರೆ ಹಳದಿ ಇದ್ರೆ ಸಾಕಾ, ಬ್ಲೌಸೂ ಹಳದಿನೇ ಆಗ್ಬೇಕಾ?"

ಇದು ನವರಾತ್ರಿ ಬಣ್ಣ ಅಲ್ಲ, ಜೋರು ಮಳೆಯ ಎಚ್ಚರಿಕೆ ಅಂತ ಬಿಡಿಸಿ ಹೇಳಿದೆ.

"ಅಯ್ಯೋ ಶಿವನೇ! ಸಂಘದ ಇಪ್ಪತ್ತು ಮಂದಿಗೆ ಹೇಳಿಬಿಟ್ಟೀನಲ್ರಿ!" ಆಮೇಲೆ, "ಹೋಗ್ಲಿ ಬಿಡ್ರಿ. ಆರೆಂಜ್ ಯಾವತ್ತು ಐತೆ ಅಂತ ಎರಡು ದಿನ ಮುಂಚೆ ಹೇಳ್ರಿ. ಇಸ್ತ್ರಿಗೆ ಕೊಡಬೇಕು."

2. ಬಹುಮತ

"ಪೇಜಿನಾಗೆ ಜನ ಮಾತಾಡ್ತಿಲ್ಲ, ಏನಾದ್ರೂ ಕೇಳ್ರಿ ಅವರನ್ನ," ಅಂದರು ಸಾಹೇಬರು. ನಾನು ಕೇಳಿದೆ: "ಭಾನುವಾರ ಮಳೆ ಬರಬೇಕೇ? ಬೇಕು, ಬೇಡ." ಒತ್ತಿದವರಲ್ಲಿ ಹೆಚ್ಚಿನವರು ಬೇಡ ಅಂದರು. ಭಾನುವಾರ ಧೋ ಅಂತ ಸುರಿಯಿತು.

ಸೋಮವಾರ ಕಚೇರಿ ಬಾಗಿಲು ತೆಗೆಯುವಾಗಲೇ ಕಡರನಾಯಕನಹಳ್ಳಿಯ ಒಬ್ಬ ಅಜ್ಜ ಮೊಬೈಲು ಹಿಡಿದು ನಿಂತಿದ್ದರು. ರಸ್ತೆಯ ಮೇಲೆ ಒಣಹಾಕಿದ್ದ ಅವರ ಮೆಕ್ಕೆಜೋಳ ಪೂರ್ತಿ ತೋಯ್ದಿತ್ತಂತೆ.

"ಬ್ಯಾಡ ಅಂತ ಒತ್ತಿದ್ದೆ ನಾನು. ಮನ್ಯಾಗಿನ ಐದು ಮಂದಿ ಕೈಲೂ ಒತ್ತಿಸಿದ್ದೆ. ಬಹುಮತ ಬ್ಯಾಡಕ್ಕೇ ಬಂದಿತ್ತು. ಮತ್ಯಾಕ ಬಂತು ಮಳೆ?"

"ಅಜ್ಜಾರೇ, ಮಳೆ ನಮ್ಮ ಕೈಯಾಗಿಲ್ಲ."

"ಮತ್ತೆ ಕೇಳಿದ್ದ್ಯಾಕ?"

ಕುರ್ಚಿ ಕೊಟ್ಟೆ, ನೀರು ಕೊಟ್ಟೆ, ತಪ್ಪಾಯಿತು ಅಂದೆ. ಇನ್ನು ಮಳೆ ಬರುವಂತಿದ್ದರೆ ನಾನೇ ಫೋನು ಮಾಡುತ್ತೇನೆ ಅಂತ ಅವರ ನಂಬರು ಬರೆದುಕೊಂಡೆ. ಅಜ್ಜ ಟವೆಲ್ ಕೊಡವಿ ಎದ್ದರು.

"ಬಿಡವ್ವ, ನಾವು ಒತ್ತೋದೊಂದು, ಬರೋದೊಂದು. ಇದೇನು ನಮಗೆ ಹೊಸದಾ?"

3. ಲೈವ್

ಬಿಸಿಲು ಚುರುಗುಡುವ ಒಂದು ದಿನ ಕಚೇರಿ ತಾರಸಿಯಿಂದ ಲೈವ್ ಮಾಡಿದೆವು. ಮಳೆಮಾಪಕದ ಪಕ್ಕ ನಾನು, ಎದುರಿಗೆ ಮೊಬೈಲು ಹಿಡಿದ ಸಾಹೇಬರು. "ಮುಂದಿನ ಮೂರು ದಿನ ಒಣಹವೆ ಮುಂದುವರಿಯಲಿದೆ" ಅನ್ನುತ್ತಿದ್ದಂತೆ ನನ್ನ ತಲೆಯ ಮೇಲೆ ದಬದಬ ನೀರು!

ಸಾಹೇಬರು ಲೈವಿನಲ್ಲೇ ಕಿರುಚಿದರು: "ಮೇಡಂ, ಮಳೆ! ಮಳೆ!"

ವಿದ್ಯಾನಗರದ ಹಾಸ್ಟೆಲ್ ಹುಡುಗಿಯರು ಅದನ್ನು ನೋಡಿ, ಸುಡುಬಿಸಿಲಲ್ಲಿ ಓಡಿಹೋಗಿ ಬಟ್ಟೆ ತೆಗೆದರಂತೆ. ನಾನು ಕಣ್ಣುಜ್ಜಿ ತಲೆಯೆತ್ತಿದೆ. ಪಕ್ಕದ ಎತ್ತರದ ಮನೆಯ ಟ್ಯಾಂಕು ತುಂಬಿ ಹರಿಯುತ್ತಿತ್ತು. "ಸಾರಿ ರೀ, ಮೋಟ್ರು ಆಫ್ ಮಾಡೋದು ಮರೆತೆ!" ಅಂತ ಆ ಮನೆಯಾಕೆ ಕೂಗಿದ್ದೂ ಲೈವಿನಲ್ಲಿ ಬಂತು.

ಒದ್ದೆ ಸೀರೆಯಲ್ಲಿ ಕೆಳಗಿಳಿದರೆ ನಮ್ಮ ಗುಮಾಸ್ತರು ರಿಜಿಸ್ಟರ್ ಬಿಚ್ಚಿಕೊಂಡು ಕಾಯುತ್ತಿದ್ದರು.

"ಮೇಡಂ, ಲೈವಿನಾಗೆ ನೋಡಿದೆ, ಮಳೆಮಾಪಕದಾಗೂ ನೀರು ನಿಂತೈತೆ. ಮುಂಗಾರು ಅಂತ ಬರೀಲಾ, ಮುನಿಸಿಪಾಲ್ಟಿ ಅಂತ ಬರೀಲಾ?"

4. ಮುಖ

"ಎಚ್ಚರಿಕೆಯ ಜೊತೆ ಮನುಷ್ಯರ ಮುಖ ಇದ್ದರೆ ಜನ ನಿಂತು ಓದುತ್ತಾರೆ" ಅಂತ ಮೇಲಿನಿಂದ ಮತ್ತೊಂದು ಸೂಚನೆ ಬಂತು. ಸಾಹೇಬರು ಕ್ರಾಪು ತೀಡಿಕೊಂಡು ಗಂಭೀರವಾಗಿ ತೆಗೆಸಿಕೊಂಡಿದ್ದ ಫೋಟೊ ಕೊಟ್ಟರು. ಅದನ್ನು ಒಂದು ಕಪ್ಪು ಚೌಕಟ್ಟಿನಲ್ಲಿ ಕೂರಿಸಿದೆ. ಮೋಡಕ್ಕೆ ಹೊಂದುತ್ತದೆ ಅನ್ನಿಸಿತ್ತು. ಮೇಲೆ ಸಾಹೇಬರ ಹೆಸರು, ಕೆಳಗೆ ದಪ್ಪ ಅಕ್ಷರದಲ್ಲಿ: "ಸಿಡಿಲು. ಇಂದು ಮಧ್ಯಾಹ್ನ ಮೂರು ಗಂಟೆ. ಹರಿಹರ." ಹಾಕಿ ಊಟಕ್ಕೆ ಹೋದೆ.

ಬರುವಷ್ಟರಲ್ಲಿ ಸಾಹೇಬರು ಹಿಗ್ಗಿಹೋಗಿದ್ದರು. "ನೋಡ್ರಿ ಮೇಡಂ, ನೂರಾರು ಮಂದಿ ಕೈ ಮುಗಿದಾರೆ! ನನ್ನ ಸರ್ವೀಸಿನಾಗೆ ಒಬ್ರೂ ಮುಗಿದಿರಲಿಲ್ಲ."

ಪೋಸ್ಟಿನ ಕೆಳಗೆ ಜನ ಬರೆದದ್ದನ್ನು ನಾನು ಓದಿದೆ. "ಒಳ್ಳೇ ಮನುಷ್ಯ ಇದ್ರು." "ಲಿಂಗೈಕ್ಯರಾದ ಸಾಹೇಬರ ಕುಟುಂಬಕ್ಕೆ ದೇವರು ಶಕ್ತಿ ಕೊಡಲಿ." ತೆಗೆದುಹಾಕಲು ಹೋದರೆ ಬೆರಳು ತಪ್ಪಿ ಇನ್ನೊಂದು ಸಲ ಶೇರ್ ಆಯಿತು.

ಅಷ್ಟರಲ್ಲಿ ಹೊರಗೆ ಆಟೊ ನಿಂತಿತು. ಹರಿಹರದಲ್ಲಿರುವ ಸಾಹೇಬರ ಅಕ್ಕ, ಕೈಯಲ್ಲಿ ಹೂವಿನ ಹಾರ ಹಿಡಿದು, "ನನ್ ತಮ್ಮಾ!" ಅಂತ ಗೋಳಾಡುತ್ತಾ ಒಳಗೆ ಬಂದರು. ಮಂಡಕ್ಕಿ ತಿನ್ನುತ್ತಿದ್ದ ಸಾಹೇಬರು ಅರ್ಧ ಕಚ್ಚಿದ ಮಿರ್ಚಿ ಹಿಡಿದೇ ಎದ್ದು ನಿಂತರು.

"ಯಾಕಕ್ಕ, ಏನಾತು? ಯಾರು ಹೋದ್ರು?"

ಅಕ್ಕ ಅಲ್ಲೇ ಕುಸಿದರು. ನೀರು ಚಿಮುಕಿಸಿದೆ. ಕಣ್ಣು ಬಿಟ್ಟವರು ತಮ್ಮನ ಕೆನ್ನೆ ಸವರಿದರು, ತೋಳು ಮುಟ್ಟಿ ಮುಟ್ಟಿ ನೋಡಿದರು, ಗಳಗಳ ಅತ್ತರು. ಆಮೇಲೆ ಅದೇ ಹಾರದಲ್ಲಿ ನಾಲ್ಕು ಬಾರಿಸಿದರು.

"ಮೂರು ಗಂಟೆಗೆ ಮಣ್ಣು ಅಂತ ಹಾಕಿಸ್ಕೊಂಡು, ಇಲ್ಲಿ ಮಿರ್ಚಿ ತಿಂತೀಯೇನೋ!"

ನಾನು ಅವರ ಕಾಲು ಹಿಡಿದುಕೊಂಡೆ. ಸಾಹೇಬರು ತಲೆಯ ಮೇಲಿನ ಚೆಂಡು ಹೂವಿನ ಎಸಳು ಕೊಡವಿಕೊಳ್ಳುತ್ತಾ ತಕ್ಷಣ ಸ್ಪಷ್ಟೀಕರಣ ಬರೆಸಿದರು: "ನಾನು ಬದುಕಿದ್ದೇನೆ, ಆರೋಗ್ಯವಾಗಿದ್ದೇನೆ. ಸಾರ್ವಜನಿಕರು ಗಾಬರಿಯಾಗಬಾರದು. ಇಂತಿ, ಹವಾಮಾನ ಕಚೇರಿ."

ಸಾಹೇಬರು, ಅಕ್ಕ, ನಾನು, ಮೂವರೂ ತಲೆಗೆ ತಲೆ ತಾಗಿಸಿ ಮೊಬೈಲು ನೋಡುತ್ತಾ ಕೂತೆವು. ಒಂದೇ ನಿಮಿಷಕ್ಕೆ ಮೊದಲ ಉತ್ತರ ಬಂತು:

"ಹವಾಮಾನದೋರು ಹೇಳಿದ್ದು ಯಾವತ್ತು ನಿಜ ಆಗೈತ್ರಿ? ಓಂ ಶಾಂತಿ."